ಟಿಣ್‌ಟಿಣ್ ಮಾಮ ಶ್ರುತಿ ಕೆಡಿಸಿದ್ದು

ಟಿಣ್‌ಟಿಣ್ ಮಾಮ ಯಾವ ಮನೆಗೆ ಹೋದರೂ ಮೊದಲ ಹತ್ತು ನಿಮಿಷ ಮಹಾರಾಜನ ಮರ್ಯಾದೆ. "ಬನ್ನಿ ಬನ್ನಿ, ಕೂತ್ಕೊಳ್ಳಿ, ಚಹಾ ತಗೋತೀರಾ, ಫ್ಯಾನ್ ಹಾಕ್ಲಾ?" ಆಮೇಲೆ ಅವನು ಪಿಯಾನೋದ ಮುಚ್ಚಳ ತೆಗೆದು ಕೆಲಸ ಶುರು ಮಾಡುತ್ತಾನೆ ನೋಡಿ, ಮನೆಯವರು ಒಬ್ಬೊಬ್ಬರಾಗಿ ಒಳಕೋಣೆಗೆ ಜಾರುತ್ತಾರೆ. ಸ್ವಲ್ಪ ಹೊತ್ತಿಗೆ ಆ ಕೋಣೆಯ ಬಾಗಿಲೂ ಮುಚ್ಚಿಕೊಳ್ಳುತ್ತದೆ. ಇನ್ನೂ ಸ್ವಲ್ಪ ಹೊತ್ತಿಗೆ ಯಾರಿಗೋ ಅರ್ಜೆಂಟಾಗಿ ಅಂಗಡಿಗೆ ಹೋಗಬೇಕಾಗುತ್ತದೆ. ಪಾಪ, ಅವರದೂ ತಪ್ಪಲ್ಲ ಬಿಡಿ. ಒಂದೇ ಕೀಯನ್ನು ಟಿಣ್ ಟಿಣ್ ಟಿಣ್ ಅಂತ ಬಾರಿಸಿ, ತಲೆ ಓರೆ ಮಾಡಿ ಕೇಳಿ, ತಂತಿ ಬಿಗಿಯುವ ಲಿವರನ್ನು ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ಅದೇ ಕೀಯನ್ನು ಟಿಣ್ ಟಿಣ್ ಟಿಣ್ ಅನ್ನಿಸುವ ಮನುಷ್ಯನ ಪಕ್ಕ ಕೂತರೆ ಎಂಥ ಸಾಧುವಿಗೂ ಪಿತ್ತ ನೆತ್ತಿಗೇರುತ್ತದೆ. ಬೀದಿಯ ಮಕ್ಕಳು ಅವನಿಗೆ ಆ ಹೆಸರು ಇಟ್ಟದ್ದು ಸುಮ್ಮನೆ ಅಲ್ಲ.

ಶ್ರುತಿ ಮಾಡುವವನಿಗೆ ಬೇಕಾದದ್ದು ಒಂದೇ ಒಂದು, ನಿಶ್ಶಬ್ದ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಜನ ಧಾರಾಳವಾಗಿ ಕೊಡುತ್ತಾರೆ. ಅವನು ಅತಿ ಸಣ್ಣ ತಂತಿಗೆ ಕಿವಿಗೊಟ್ಟ ಗಳಿಗೆಯಲ್ಲೇ ಅಡುಗೆಮನೆಯಲ್ಲಿ ಮಿಕ್ಸಿ ಗುರ್ರೆನ್ನಬೇಕು, ಪಕ್ಕದ ಮನೆಯವರು ಗೋಡೆಗೆ ಮೊಳೆ ಹೊಡೆಯಬೇಕು. "ನೀವು ನಿಮ್ಮ ಕೆಲಸ ಮಾಡ್ಕೊಳ್ಳಿ, ನಮಗೇನೂ ತೊಂದರೆ ಇಲ್ಲ" ಅಂತ ಟೀವಿ ಹಾಕಿಕೊಂಡು ಕೂರುವ ಪುಣ್ಯಾತ್ಮರೂ ಇದ್ದಾರೆ. ಇನ್ನು ಪಿಯಾನೋದ ಹೊಟ್ಟೆಯೊಳಗೆ ಏನೇನು ಸಿಗುತ್ತದೆ ಅಂತ ಕೇಳಲೇಬೇಡಿ. ಪೆನ್ಸಿಲ್ಲು, ಹೇರ್‌ಪಿನ್ನು, ಆಟದ ಕಾರಿನ ಚಕ್ರ. ಒಮ್ಮೆಯಂತೂ ಮೇಲ್ದವಡೆಯ ಹಲ್ಲು ಸೆಟ್ಟೇ ಸಿಕ್ಕಿತ್ತು. "ಅಯ್ಯೋ, ಇಲ್ಲಿತ್ತಾ!" ಅಂತ ಆ ಮನೆಯ ಹಿರಿಯರು ಅಂಗಿಯ ತುದಿಯಲ್ಲಿ ಒರೆಸಿ ಅಲ್ಲೇ ಬಾಯಿಗೆ ಹಾಕಿಕೊಂಡರು. ಮಾಮನಿಗೆ ಅವತ್ತು ಅವರು ಕೊಟ್ಟ ಬಿಸ್ಕೆಟ್ ಗಂಟಲಲ್ಲಿ ಇಳಿಯಲಿಲ್ಲ.

ಇಷ್ಟೆಲ್ಲ ಸಹಿಸಿ, ಬೆನ್ನು ಬಿದ್ದುಹೋಗುವ ಹಾಗೆ ದುಡಿದು ಎದ್ದರೆ ಮನೆಯೊಡೆಯರು ಎರಡು ಕೀ ಒತ್ತಿ ನೋಡಿ ಅನ್ನುತ್ತಾರೆ, "ಮೊದಲೂ ಹೀಗೇ ಇತ್ತಲ್ವಾ?" ಆ ಮಾತು ಕೇಳಿದಾಗ ಮಾಮನಿಗೆ ಲಿವರನ್ನು ಕಿಟಕಿಯಿಂದ ಆಚೆ ಎಸೆದು ತರಕಾರಿ ಮಾರಲು ಹೋಗೋಣ ಅನ್ನಿಸುತ್ತದೆ. ಹೋಗಿಲ್ಲ. ಯಾಕೆ ಹೋಗಿಲ್ಲ ಅಂದರೆ, ಅದಕ್ಕೊಂದು ಕಾರಣ ಇದೆ.

ಕೆಲಸ ಮುಗಿದ ಮೇಲೆ ಮಾಮ ಸಾಮಾನು ಜೋಡಿಸುವುದನ್ನು ನೋಡಬೇಕು ನೀವು. ತಂತಿಗಳ ನಡುವೆ ಸಿಕ್ಕಿಸುವ ರಬ್ಬರ್ ಚೂರುಗಳನ್ನು ಒಂದೊಂದಾಗಿ ಒರೆಸುತ್ತಾನೆ. ಲಿವರನ್ನು ಬಟ್ಟೆಯಲ್ಲಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾನೆ. ಅಷ್ಟು ಹೊತ್ತಿಗೆ ಮನೆಯಲ್ಲಿ ನುಡಿಸುವವರು ಯಾರಿದ್ದಾರೋ ಅವರು ತಡೆಯಲಾರದೆ ಬಂದು ಕೂರುತ್ತಾರೆ. ಬೆರಳಿಡುತ್ತಾರೆ. ಒಂದು ಸಾಲು ನುಡಿಸುತ್ತಾರೋ ಇಲ್ಲವೋ, ಅವರ ಮುಖ ಬದಲಾಗುತ್ತದೆ. ಬಹಳ ದಿನದಿಂದ ಮುನಿಸಿಕೊಂಡಿದ್ದವರು ತಾವಾಗಿ ಬಂದು ಮಾತಾಡಿಸಿದಂಥ ಮುಖ ಅದು. ಮಾಮ ಅದನ್ನು ಓರೆಗಣ್ಣಲ್ಲಿ ನೋಡಿ, ಚೀಲದ ಜಿಪ್ ಎಳೆದು, ಏನೂ ಗೊತ್ತಿಲ್ಲದವನ ಹಾಗೆ "ಬರ್ತೀನಿ" ಅನ್ನುತ್ತಾನೆ. ಆ ಒಂದು ಮುಖಕ್ಕೋಸ್ಕರ ಇನ್ನೊಂದು ವಾರ ಮಿಕ್ಸಿಗಳನ್ನೂ ಮೊಳೆಗಳನ್ನೂ ಸಹಿಸಬಲ್ಲ.

ಮನೆಯಲ್ಲಿ ಅವನ ಹೆಂಡತಿ ಪರದೆ ಹೊಲಿಯುವವಳು. ಮಾತಿಗೆ ಬಂದರೆ ಅವಳ ಕತ್ತರಿಗಿಂತ ನಾಲಿಗೆಯೇ ಹರಿತ. "ಎಲ್ಲೋ ಮೂರನೇ ಮನೆ ಗೇಟು ಕಿರ್ ಅಂದ್ರೆ ನಿಮಗೆ ಅದು ಯಾವ ಸ್ವರ ಅಂತ ಗೊತ್ತಾಗುತ್ತೆ. ನಾನು ಪಕ್ಕದಲ್ಲಿ ನಿಂತು ನಾಲ್ಕು ಸಲ ಕರೆದ್ರೂ ಕೇಳಲ್ಲ. ಅದು ಯಾವ ಸೀಮೆ ಕಿವಿ?" ಅನ್ನುತ್ತಾಳೆ. ಮಾಮ ಅಷ್ಟರಲ್ಲಿ ಮತ್ತೆ ಆ ಗೇಟಿನ ಕಡೆ ಕಿವಿ ಕೊಟ್ಟಿರುತ್ತಾನೆ.

ಹೀಗಿರುವಾಗ ಒಬ್ಬ ಅಜ್ಜಿಯ ಮನೆಯಿಂದ ಕರೆ ಬಂತು. ಮೂರು ಮಹಡಿಯ ಹಳೇ ಕಟ್ಟಡ, ಕೆಳಗಿನ ಮನೆ. ಅಲ್ಲಿ ಅಜ್ಜಿ ಮತ್ತು ಅವಳ ಮಗಳು ಇಬ್ಬರೇ. ಮಗಳು ಆಸ್ಪತ್ರೆಯೊಂದರಲ್ಲಿ ನರ್ಸ್, ಸದಾ ನಿದ್ದೆಗೆಟ್ಟ ಕಣ್ಣು. ಅವಳಾಗಿ ಕರೆದದ್ದೂ ಅಲ್ಲ. ಮೇಲಿನ ಮನೆಯ ನಿವೃತ್ತ ಟಿಕೆಟ್ ಇನ್‌ಸ್ಪೆಕ್ಟರು ಕೈ ತೊಳೆದುಕೊಂಡು ಅವಳ ಹಿಂದೆ ಬಿದ್ದಿದ್ದರು. "ನಿಮ್ಮ ತಾಯಿ ದಿನಾ ಸಂಜೆ ನುಡಿಸ್ಲಿ, ನಾನು ಬೇಡ ಅನ್ನಲ್ಲ. ಆದ್ರೆ ಆ ಡಬ್ಬ ರಿಪೇರಿ ಮಾಡಿಸಿಯಮ್ಮಾ! ಅದೇ ಹಾಡು, ಅದೇ ಅಪಸ್ವರ, ಕೇಳಿ ಕೇಳಿ ನನ್ನ ಹಲ್ಲೆಲ್ಲಾ ಜುಂ ಅಂತಿದೆ!" ಅಂತ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ವರಾತ. ಕೊನೆಗೆ ಮಗಳು ಬೇಸತ್ತು ಮಾಮನಿಗೆ ಫೋನ್ ಮಾಡಿದಳು. ಟಿಣ್ ಟಿಣ್ ಗಲಾಟೆಗೆ ಅಮ್ಮ ಕಂಗಾಲಾಗುತ್ತಾಳೆ ಅಂತ ಅವಳನ್ನು ಒಂದು ದಿನದ ಮಟ್ಟಿಗೆ ದೊಡ್ಡಮ್ಮನ ಮನೆಗೆ ಕಳಿಸಿದ್ದಳು.

ಮಾಮನಿಗೆ ಒಂದು ನಿಯಮ ಇತ್ತು. ಲಿವರ್ ಮುಟ್ಟುವ ಮೊದಲು ನುಡಿಸುವವರನ್ನು ಕೂರಿಸಿ, "ಒಂಚೂರು ನುಡ್ಸಿ ನೋಡೋಣ" ಅನ್ನುವುದು. ಅವರು ಹೇಗೆ ನುಡಿಸುತ್ತಾರೆ, ಏನು ಬಯಸುತ್ತಾರೆ ಅಂತ ತಿಳಿಯಲು. ಅವತ್ತು ಅಜ್ಜಿ ಇರಲಿಲ್ಲ. ಇರಲಿ ಬಿಡು, ಅಂದುಕೊಂಡ. ಮುಚ್ಚಳ ತೆಗೆದು ನೋಡಿದರೆ, ಅಬ್ಬಬ್ಬಾ! ಎಷ್ಟು ವರ್ಷದಿಂದ ಯಾರೂ ಕೈ ಹಾಕಿರಲಿಲ್ಲವೋ, ಇಡೀ ಪಿಯಾನೋ ಅರ್ಧ ಸ್ವರ ಕೆಳಗೆ ಇಳಿದಿತ್ತು. ಹೆಚ್ಚಿನ ಕೀಗಳಿಗೆ ಮೂರು ಮೂರು ತಂತಿ ಇರುತ್ತವಲ್ಲ, ಮೂರೂ ಒಂದೇ ಮಾತು ಆಡಬೇಕು. ಇಲ್ಲಿ ಮೂರೂ ಮೂರು ದಿಕ್ಕಿಗೆ ಮುಖ ಮಾಡಿದ್ದವು. ಇಂಥ ಕೇಡು ಕಂಡರೆ ಮಾಮನಿಗೆ ಹೊಟ್ಟೆ ತುಂಬ ಊಟ ಬಡಿಸಿದಷ್ಟು ಖುಷಿ. ಅಂಗಿಯ ತೋಳು ಮಡಚಿ ಕೂತವನು ಕತ್ತಲಾಗುವ ಹೊತ್ತಿಗೆ ಎದ್ದ. ಇನ್‌ಸ್ಪೆಕ್ಟರು ಬಾಗಿಲಲ್ಲಿ ತಲೆ ಹಾಕಿ, "ಭೇಷ್!" ಅಂದರು. ಮಗಳು ಥ್ಯಾಂಕ್ಸ್ ಹೇಳಿ ಆಕಳಿಸಿದಳು. ನುಡಿಸುವವರ ಮುಖ ನೋಡಲು ಸಿಗಲಿಲ್ಲ ಅನ್ನುವುದೊಂದು ಬಿಟ್ಟರೆ ಅಷ್ಟು ಚೊಕ್ಕವಾದ ಕೆಲಸ ಅವನು ಮಾಡಿದ್ದು ಅಪರೂಪ. ಸಿಳ್ಳೆ ಹೊಡೆಯುತ್ತ ಮನೆಗೆ ಹೋದ.

ವಾರ ಕಳೆಯುವುದರೊಳಗೆ ಮಗಳು ಮತ್ತೆ ಫೋನ್ ಮಾಡಿದಳು. ಅಳುತ್ತಿದ್ದಳು.

"ಸಾರ್, ಅಮ್ಮನಿಗೆ ಮರೆವು ಶುರುವಾಗಿ ಬಹಳ ದಿನ ಆಯ್ತು. ನಿಮಗೆ ಹೇಳಿರಲಿಲ್ಲ. ನನ್ನ ಹೆಸರು ಮರೀತಾಳೆ, ಊಟ ಮಾಡಿದ್ದು ಮರೀತಾಳೆ. ಆದ್ರೆ ಸಂಜೆ ಪಿಯಾನೋ ಮುಂದೆ ಕೂತು ಆ ಒಂದು ಹಾಡು ನುಡಿಸಿಬಿಟ್ರೆ ಸಮಾಧಾನ. ಆಮೇಲೆ ಊಟ, ನಿದ್ದೆ, ಎಲ್ಲಾ ಸಲೀಸು. ಈಗ ನೋಡಿ, ದೊಡ್ಡಮ್ಮನ ಮನೆಯಿಂದ ಬಂದವಳು ಎರಡು ಕೀ ಒತ್ತಿ ಕೈ ತೆಗೆದುಬಿಟ್ಲು. 'ಇದು ನಮ್ಮದಲ್ಲ, ಇದು ಯಾರ ಮನೆ? ನಡಿ, ಮನೆಗೆ ಹೋಗೋಣ' ಅಂತಾಳೆ. ದಿನಾ ಚಪ್ಪಲಿ ಹಾಕ್ಕೊಂಡು, ಬ್ಯಾಗ್ ಹಿಡ್ಕೊಂಡು ಬಾಗಿಲ ಹತ್ರ ಕೂರ್ತಾಳೆ. ಬೇರೆಯವರ ಮನೇಲಿ ಹೇಗೆ ಉಣ್ಣೋದು ಅಂತ ಸರಿಯಾಗಿ ಊಟಾನೂ ಮಾಡ್ತಿಲ್ಲ. ಮೊದಲಿದ್ದ ಹಾಗೆ ಮಾಡಿಕೊಡಿ ಸಾರ್. ಕೆಟ್ಟಿತ್ತಲ್ಲ, ಹಾಗೇ."

ಮಾಮ ಫೋನ್ ಇಟ್ಟು ಹೆಂಡತಿಗೆ ಹೇಳಿದ. ಹೇಳುತ್ತ ಹೇಳುತ್ತ ದನಿ ಏರಿತು. "ಶ್ರುತಿ ಕೆಡಿಸು ಅಂತಾರಲ್ಲೇ! ನಾನೇ! ಈ ಊರಲ್ಲಿರೋ ಪಿಯಾನೋಗಳು ಬೆರಳೆಣಿಕೆಯಷ್ಟು. ನಾಳೆ ನಾಲ್ಕು ಜನರ ಬಾಯಿಗೆ ಬಿದ್ರೆ ನನ್ನನ್ನ ಯಾರು ಕರೀತಾರೆ?"

ಹೆಂಡತಿ ಮಿಷನ್ ನಿಲ್ಲಿಸದೆ ಅಂದಳು, "ಹೋದ ವರ್ಷ ನನ್ನ ಮಿಷನ್ನಿಗೆ ಎಣ್ಣೆ ಹಾಕಿ, ಏನೇನೋ ಬಿಗಿ ಮಾಡಿ, ಅದರ ಕಟಕಟ ಸದ್ದು ನಿಲ್ಲಿಸಿದ್ರಿ ನೆನಪಿದೆಯಾ? ನನಗೆ ಮೂರು ದಿನ ಕೈಯೇ ಓಡಲಿಲ್ಲ. ಹೊಲಿಗೆಯೆಲ್ಲ ಸೊಟ್ಟ. ಕೊನೆಗೆ ನಾನೇ ಸ್ಕ್ರೂ ಸಡಿಲ ಮಾಡ್ಕೊಂಡೆ. ಹೋಗಿ. ಮರ್ಯಾದೆ ಆಮೇಲೆ ನೋಡ್ಕೊಳ್ಳೋಣ, ಮೊದಲು ಆ ಮುದುಕಿ ಊಟ ಮಾಡ್ಲಿ."

ಮಾಮ ಹೋದ. ಬಾಗಿಲು ತೆಗೆದರೆ ಎದುರಿಗೇ ಅಜ್ಜಿ, ಕುರ್ಚಿಯ ತುದಿಯಲ್ಲಿ, ಚಪ್ಪಲಿ ಹಾಕಿಕೊಂಡು, ಬ್ಯಾಗನ್ನು ತೊಡೆಯ ಮೇಲೆ ಒತ್ತಿ ಹಿಡಿದು ಕೂತಿದ್ದಾಳೆ. ಸಣ್ಣಗಿದ್ದಳು, ಕೂದಲು ಒಪ್ಪವಾಗಿ ಬಾಚಿತ್ತು. "ಗಾಡಿ ತಂದ್ರಾ?" ಅಂತ ಕೇಳಿದಳು. ಮಾಮ "ಈಗ ಬರುತ್ತಮ್ಮ" ಅಂದುಬಿಟ್ಟ. ಅವಳ ಕಡೆ ತಿರುಗದೆ ಹೋಗಿ ಪಿಯಾನೋದ ಮುಂದೆ ನಿಂತ.

ಕೆಡಿಸುವುದು ಏನು ಮಹಾ ಕೆಲಸ, ತಂತಿ ಸಡಿಲ ಬಿಟ್ಟರಾಯಿತು ಅಂತ ನೀವು ಅಂದುಕೊಂಡಿರಬಹುದು. ಮಾಮನೂ ಹಾಗೇ ಅಂದುಕೊಂಡಿದ್ದ. ಯಾವ ಕೀಗಳು ಅನ್ನುವುದೇನೋ ಸುಲಭವಾಗಿ ಗೊತ್ತಾಯಿತು. ಅಜ್ಜಿಯ ಹಾಡು ನಡುವಿನ ಹತ್ತು ಹನ್ನೆರಡು ಕೀಗಳಾಚೆ ದಾಟುತ್ತಿರಲಿಲ್ಲ, ಅವಳ ಬೆರಳು ಉಜ್ಜಿ ಉಜ್ಜಿ ಅವುಗಳ ಹೊಳಪೇ ಹೋಗಿತ್ತು. ಸದ್ಯ, ಉಳಿದವನ್ನು ಮುಟ್ಟಬೇಕಾಗಿಲ್ಲ ಅಂತ ಮಾಮನ ಮಾನ ಅರ್ಧ ಉಳಿಯಿತು. ಮೊದಲನೇ ಕೀಯ ತಂತಿ ಇಳಿಸಿದ. ಮಗಳು ತಲೆ ಅಲ್ಲಾಡಿಸಿದಳು. ಇನ್ನಷ್ಟು ಇಳಿಸಿದ. "ಇಲ್ಲ ಸಾರ್, ಇದು ಬರೀ ಕೆಟ್ಟಿದೆ. ಅದು ಹೀಗೆ ಕೆಟ್ಟಿರಲಿಲ್ಲ." ಹೇಗೆ ಕೆಟ್ಟಿತ್ತು? ಅವಳಿಗೆ ಹೇಳಲು ಬಾರದು, ಸಂಜೆ ಹೊತ್ತು ಅವಳು ಯಾವತ್ತೂ ಅರ್ಧ ನಿದ್ದೆಯಲ್ಲೇ ಇರುತ್ತಿದ್ದಳು. ಮಾಮನಿಗೋ, ಆ ಸ್ವರ ಒಂದಾದರೂ ನೆನಪಿದ್ದರೆ ಕೇಳಿ. ಜೀವಮಾನವೆಲ್ಲ ತಪ್ಪು ಸ್ವರ ಕೇಳುತ್ತಲೇ ಬಂದವನು, ಆದರೆ ಕೇಳಿದ್ದೆಲ್ಲ ಅದನ್ನು ಅಳಿಸುವುದಕ್ಕೆ. ಒಂದನ್ನೂ ನೆನಪಿಟ್ಟುಕೊಂಡಿರಲಿಲ್ಲ. ಹಾಳಾದ್ದು, ಒಂದೇ ಒಂದು ಸಲ ಅಜ್ಜಿಯನ್ನು ಕೂರಿಸಿ ನುಡಿಸಲು ಹೇಳಿದ್ದರೆ ಆಗುತ್ತಿತ್ತು! ಹಿಂದಿನಿಂದ ಅಜ್ಜಿ ಮತ್ತೆ ಕೇಳಿದಳು, "ಗಾಡಿ ಇನ್ನೂ ಬರ್ಲಿಲ್ವಾ?"

ಆಗ ಮೆಟ್ಟಿಲಲ್ಲಿ ಯಾರೋ ಸಿಳ್ಳೆ ಹೊಡೆಯುತ್ತ ಇಳಿದು ಬಂದರು. ಮಗಳು ಬೆಚ್ಚಿ ಎದ್ದಳು. "ಅದೇ! ಸಾರ್, ಅದೇ! ಅಮ್ಮನ ಹಾಡು, ಹಾಗೇ ಇತ್ತು!"

ನೋಡಿದರೆ ಇನ್‌ಸ್ಪೆಕ್ಟರು. ಕೈಯಲ್ಲಿ ಹಾಲಿನ ಪಾತ್ರೆ, ತಾವು ಸಿಳ್ಳೆ ಹೊಡೆಯುತ್ತಿರುವುದು ಅವರಿಗೇ ಗೊತ್ತಿಲ್ಲ. ಮಾಮ ಓಡಿಹೋಗಿ ಅವರ ತೋಳು ಹಿಡಿದ. "ಅದನ್ನ ಇನ್ನೊಂದ್ಸಲ ಹೊಡೀರಿ!"

"ಯಾವುದನ್ನ?" ಅಂದರು ಇನ್‌ಸ್ಪೆಕ್ಟರು, ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವರ ಹಾಗೆ.

ವಿಷಯ ತಿಳಿದಾಗ ಅವರ ಮುಖ ನೋಡುವ ಹಾಗಿತ್ತು. ಇದೆಲ್ಲ ತಮ್ಮ ವರಾತದಿಂದ ಆದದ್ದು ಅಂತ ಮೊದಲು ಅಜ್ಜಿಯ ಚಪ್ಪಲಿಯನ್ನೊಮ್ಮೆ, ಕೈಯಲ್ಲಿದ್ದ ಹಾಲಿನ ಪಾತ್ರೆಯನ್ನೊಮ್ಮೆ ನೋಡಿದರು. ಆಮೇಲೆ ಅವರು ಅದನ್ನು ಕೆಳಗಿಟ್ಟು, ಕನ್ನಡಕ ಸರಿ ಮಾಡಿಕೊಂಡು, ಪಿಯಾನೋದ ಪಕ್ಕ ಬಂದು ನಿಂತರು. ಎಷ್ಟೋ ವರ್ಷ ದಿನಾ ಸಂಜೆ ಹಲ್ಲು ಕಡಿದುಕೊಂಡು ಕೇಳಿದ ಮನುಷ್ಯ! ಪ್ರೀತಿಯಿಂದ ಕೇಳಿದವರು ಮರೆತಾರು, ಇವರು ಮರೆಯುತ್ತಾರೆಯೇ? ಒಂದೊಂದು ಅಪಸ್ವರದ ಮೇಲೂ ಇವರಿಗೆ ಬೇರೆ ಬೇರೆ ದ್ವೇಷ ಇತ್ತು.

"ಇದು ಇಷ್ಟು ಗಟ್ಟಿಯಾಗಿ ನಿಲ್ತಿರಲಿಲ್ಲ. ನೆಗಡಿ ಆದವರ ಥರ ಗೊಗ್ಗರು."

ಮಾಮ ಒಂದು ತಂತಿ ಇಳಿಸಿದ.

"ಹಾಂ, ನೆಗಡಿ ಬಂತು. ಇದರ ಪಕ್ಕದ್ದು ಇಬ್ಬರು ಒಟ್ಟಿಗೆ ಮಾತಾಡಿದ ಹಾಗೆ ಇರ್ತಿತ್ತು. ಒಬ್ಬರು ಸ್ವಲ್ಪ ಹಿಂದೆ. ಇಲ್ಲ ಇಲ್ಲ, ಇನ್ನೂ ಜಗಳ ಆಡ್ಬೇಕು. ಹಾಂ! ಹಾಗೆ! ಅಯ್ಯೋ, ಅದೇ ಕಣ್ರೀ, ಹಲ್ಲು ಜುಂ ಅಂತು!"

ಹೀಗೆ ಸಾಗಿತು ನೋಡಿ. ಒಬ್ಬರು ಸಿಳ್ಳೆ ಹೊಡೆಯುವುದು, ಇನ್ನೊಬ್ಬರು ಹದಗೆಡಿಸುವುದು. ಮಾಮನ ಕಿವಿ ಒಳಗೇ ಬಾಯಿ ಬಡಿದುಕೊಳ್ಳುತ್ತಿತ್ತು. ಕೈ ಎರಡು ಸಲ ತಾನಾಗಿಯೇ ತಂತಿಯನ್ನು ಸರಿಗೆ ಎಳೆದುಬಿಟ್ಟಿತು. "ರೀ, ಚೆನ್ನಾಗಿ ಮಾಡ್ತಿದ್ದೀರಿ!" ಅಂತ ಇನ್‌ಸ್ಪೆಕ್ಟರು ಗದರಿದರು. ಒಳ್ಳೆಯ ಕೆಲಸಕ್ಕೆ ಬೈಸಿಕೊಂಡದ್ದು ಅವನಿಗೆ ಜೀವಮಾನದಲ್ಲಿ ಅದೇ ಮೊದಲು. ಮಗಳಿಗೆ ಎಷ್ಟೋ ದಿನದ ಮೇಲೆ ನಗು ಬಂತು. ಆದರೂ ಬಾಗಿಲ ಕಡೆ ನೋಡಿದಾಗ ಅವಳ ನಗು ನಿಂತುಹೋಗುತ್ತಿತ್ತು. ಅಲ್ಲಿ ಬ್ಯಾಗು ತೊಡೆಯ ಮೇಲೇ ಇತ್ತು, ಚಪ್ಪಲಿ ಕಾಲಲ್ಲೇ ಇತ್ತು.

ಕೊನೆಯ ಕೀ ಉಳಿಯಿತು. ಹಾಡು ನಿಲ್ಲುವುದು ಅಲ್ಲೇ. ಇನ್‌ಸ್ಪೆಕ್ಟರು ಕಣ್ಣು ಮುಚ್ಚಿ, ಸಿಳ್ಳೆ ಹೊಡೆದು, "ಇದು ಕೆಟ್ಟದ್ದರಲ್ಲೆಲ್ಲ ಕೆಟ್ಟದ್ದು. ಇದು ಬರುತ್ತೆ ಅಂತಲೇ ನಾನು ದಿನಾ ದಿಂಬು ಕಿವಿಗೆ ಒತ್ಕೋತಿದ್ದೆ" ಅಂದರು. ಮಾಮ ಇಳಿಸಿದ. ಬಾರಿಸಿದ. ಇನ್ನೊಂದು ಚೂರು ಇಳಿಸಿದ. ಬಾರಿಸಿದ. ಟಿಣ್. ಟಿಣ್. ಟಿಣ್.

"ಸಾಕು ಬಿಡಿ, ಅದನ್ನ ಹಾಗೆಲ್ಲ ಕುಟ್ಟಬಾರದು."

ದನಿ ಬಂದದ್ದು ಹಿಂದಿನಿಂದ. ಅಜ್ಜಿ ಎದ್ದು ಬಂದಿದ್ದಳು. ಅವಳು ಬ್ಯಾಗನ್ನು ಪಿಯಾನೋದ ಮೇಲೆ ಇಟ್ಟಳು, ಮಾಮ ಎದ್ದು ಕೊಟ್ಟ ಸ್ಟೂಲನ್ನು ಸ್ವಲ್ಪ ಎಡಕ್ಕೆ ಎಳೆದುಕೊಂಡಳು, ಕೂತಳು.

ಹಾಡು ಚಿಕ್ಕದು. ಗೊಗ್ಗರು ಸ್ವರ ಬಂತು, ಜಗಳವಾಡುವ ಸ್ವರ ಬಂತು. ಮಾಮ ಅಭ್ಯಾಸಬಲದಿಂದ ರಬ್ಬರ್ ಚೂರು ಒರೆಸಲು ಶುರು ಮಾಡಿದ್ದ, ಒರೆಸುವುದನ್ನೇ ಮರೆತ. ಇಷ್ಟು ವರ್ಷದಲ್ಲಿ ಅವನು ಪಿಯಾನೋದ ತಂತಿಗಳನ್ನು ಕೇಳಿದ್ದ, ಹಾಡು ಕೇಳಿದ್ದು ಕಡಿಮೆ. ಇವತ್ತು ಹಾಡಿನ ತಂತಿ ಒಂದೂ ಸರಿಯಿಲ್ಲ, ಅದನ್ನು ಕೆಡಿಸಿದವನು ತಾನೇ, ಹಾಗಾಗಿ ಕಿವಿಗೆ ಹುಡುಕಲು ಏನೂ ಉಳಿದಿರಲಿಲ್ಲ. ಸುಮ್ಮನೆ ನಿಂತು ಕೇಳಿದ. ಬಹಳ ಚೆನ್ನಾಗಿತ್ತು. ಕೊನೆಯ ಸ್ವರ ಬಂದಾಗ ಇನ್‌ಸ್ಪೆಕ್ಟರು ಅಭ್ಯಾಸದಂತೆ ಮುಖ ಕಿವಿಚಿ, ಆಮೇಲೆ ಕರ್ಚೀಫು ಹುಡುಕಿ ಮೂಗು ಒರೆಸಿಕೊಂಡರು. ಅಜ್ಜಿಯ ಮುಖವನ್ನು ಮಾಮ ಈ ಸಲ ಓರೆಗಣ್ಣಲ್ಲಿ ನೋಡಲಿಲ್ಲ, ನೇರವಾಗಿಯೇ ನೋಡಿದ.

ಅವಳು ಕೈ ತೆಗೆದು, ಸುತ್ತ ನೋಡಿ, ಲಿವರ್ ಹಿಡಿದು ನಿಂತವನನ್ನು ಕಂಡಳು. "ಇವರು ಯಾರು?" ಅಂತ ಮಗಳನ್ನು ಕೇಳಿದಳು.

"ಪಿಯಾನೋ ಶ್ರುತಿ ಮಾಡೋರು, ಅಮ್ಮ."

"ಪಾಪ, ಅಷ್ಟು ದೂರ ಬಂದಿದ್ದಾರೆ." ಅಜ್ಜಿ ದಾಕ್ಷಿಣ್ಯದಿಂದ ದನಿ ಇಳಿಸಿದಳು. "ಏನೂ ಅಂದ್ಕೋಬೇಡಿ. ನಮ್ಮದು ಕೆಟ್ಟೇ ಇಲ್ಲ. ಸರಿಯಾಗಿರೋದಕ್ಕೆ ಕೈ ಹಾಕೋದು ಯಾಕೆ, ಅಲ್ವಾ?"

ಮಾಮ ಲಿವರನ್ನು ಬಟ್ಟೆಯಲ್ಲಿ ಸುತ್ತಿದ. "ಹೌದಮ್ಮ. ಸರಿಯಾಗಿದೆ. ನಾನು ಮುಟ್ಟೋದಿಲ್ಲ" ಅಂದ.

"ಊಟದ ಹೊತ್ತಾಯ್ತು," ಅಂದಳು ಅಜ್ಜಿ ಮಗಳಿಗೆ. ಬಗ್ಗಿ ಚಪ್ಪಲಿ ಒಂದೊಂದಾಗಿ ಕಳಚಿ ಸ್ಟೂಲಿನ ಕೆಳಗೆ ತಳ್ಳಿದಳು. "ಹಾಗೇ ನಿಂತ್ಕೊಂಡು ಏನು ನೋಡ್ತೀಯೇ? ಎಲ್ಲರಿಗೂ ತಟ್ಟೆ ಹಾಕು. ನಮ್ಮ ಮನೆಗೆ ಬಂದವರನ್ನ ಬರೀ ಹೊಟ್ಟೇಲಿ ಕಳಿಸೋದಾ?"

ಮಗಳು ಕಣ್ಣೊರೆಸಿಕೊಳ್ಳುತ್ತ ಅಡುಗೆಮನೆಗೆ ಹೋದಳು. ಒಳಗಿನಿಂದ ನಾಲ್ಕು ತಟ್ಟೆಗಳ ಸದ್ದು ಬಂತು.